ಗುಹಾಶಯ ವಿಚಾರ: ಕಾವ್ಯಶಾಸ್ತ್ರಗಳಲ್ಲಿ ವ್ಯಾಘ್ರದ ನೆಲೆ

೧

ವ್ಯಾಘ್ರವು ಎಲ್ಲಿ ವಾಸಿಸುತ್ತದೆಯೆಂದು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರನ್ನು ಕೇಳಿದರೆ ‘ಗುಹೆಯಲ್ಲಿ’ ಎಂಬ ಉತ್ತರವು ತಡವಿಲ್ಲದೆ ಬರುವುದು. ನಾನೂ ಹಾಗೆಯೇ ಓದಿದವನು. ಹಾಗೆಯೇ ಬಹುಕಾಲ ಪಾಠ ಹೇಳಿದವನು. ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನ ಮೃಗಯೆಯನ್ನು ವಿವರಿಸುತ್ತ, ಹುಲಿಗಳು ಗುಹೆಗಳಿಂದ ಎದುರಾಗಿ ನೆಗೆದು ಬರುವ ಪದ್ಯಕ್ಕೆ ಬಂದೊಡನೆ, ವ್ಯಾಘ್ರವು ಗುಹಾಶಯವೆಂದು ವೈದ್ಯಶಾಸ್ತ್ರವನ್ನು ಪ್ರಮಾಣವಾಗಿ ತೋರಿಸಿ ಮುಂದಕ್ಕೆ ಹೋಗುವುದು ನನ್ನ ಪದ್ಧತಿಯಾಗಿದ್ದಿತು. ಕೆಲವು ವರ್ಷಗಳ ಹಿಂದೆ ಹೆಗ್ಗಡದೇವನಕೋಟೆಯ ಕಡೆಯ ಒಬ್ಬ ವಿದ್ಯಾರ್ಥಿಯು ಆ ಪಾಠದ ನಡುವೆ ಎದ್ದು ನಿಂತು, “ಗುರುಗಳೇ, ನಮ್ಮೂರಿನ ಸುತ್ತಿನ ಕಾಡಿನಲ್ಲಿ ನಾನು ಗುಹೆಯನ್ನೇ ಕಂಡಿಲ್ಲ, ಹುಲಿ ಮಾತ್ರ ಉಂಟು. ಅದು ಹಡ್ಲಿನ ಹುಲ್ಲಿನಲ್ಲಿ ಮಲಗುತ್ತದೆ” ಎಂದನು. “ಅದು ಕವಿಸಮಯವಪ್ಪಾ, ಕಾಡಿನ ಲೆಕ್ಕ ಕಾವ್ಯಕ್ಕೆ ಬೇಡ” ಎಂದು ಹೇಳಿ ಅವನನ್ನು ಕೂರಿಸಿದೆನು. ಆ ಉತ್ತರವು ಸರಿಯಲ್ಲವೆಂದು ಅಂದಿನ ರಾತ್ರಿಯೇ ನನಗೆ ತೋರಿತು.

ಏಕೆಂದರೆ ಕವಿಸಮಯವೆಂಬುದು ಅಜ್ಞಾನಕ್ಕೆ ಹೊದಿಸುವ ಹಚ್ಚಡವಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಅದಕ್ಕೆ ಲಕ್ಷಣವನ್ನು ಹೇಳಿ ಭೇದಗಳನ್ನು ಎಣಿಸಿದ್ದಾನೆ. ಇರುವುದನ್ನು ಹೇಳದಿರುವುದು, ಇಲ್ಲದ್ದನ್ನು ಹೇಳುವುದು, ಹಲವೆಡೆ ಇರುವುದನ್ನು ಒಂದೆಡೆಗೆ ನಿಯಮಿಸುವುದು ಎಂಬವು ಆ ಭೇದಗಳು. ಚಂದನವು ಮಲಯದಲ್ಲಿಯೇ ಎಂದೂ ಭೂರ್ಜವು ಹಿಮವಂತದಲ್ಲಿಯೇ ಎಂದೂ ಮಕರವು ಸಮುದ್ರದಲ್ಲಿಯೇ ಎಂದೂ ನಿಯಮಿಸುವುದಕ್ಕೆ ಅಲ್ಲಿ ಅವಕಾಶವುಂಟು. ವ್ಯಾಘ್ರವು ಗುಹೆಯಲ್ಲಿಯೇ ಎಂಬ ನಿಯಮವು ಆ ಉದಾಹರಣೆಗಳ ಸಾಲಿನಲ್ಲಿ ನನಗೆ ಕಂಡುಬರಲಿಲ್ಲ. ಹಾಗಾದರೆ ಈ ನಿಯಮವನ್ನು ಮಾಡಿದವರು ಯಾರು? ಕವಿಗಳೋ, ಶಾಸ್ತ್ರಕಾರರೋ, ಅಥವಾ ಅವರಿಬ್ಬರನ್ನೂ ಓದಿ ಅರ್ಥ ಹೇಳುವ ನಮ್ಮಂಥವರೋ? ಇದನ್ನು ಪರ್ಯಾಲೋಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಾಸ್ತ್ರವನ್ನು ನೋಡೋಣ. ಋಕ್ಸಂಹಿತೆಯಲ್ಲಿ ಸಿಂಹದ ಮಾತು ಬರುತ್ತದೆ, ವ್ಯಾಘ್ರಶಬ್ದವು ಬರುವುದಿಲ್ಲ. ಅಥರ್ವಸಂಹಿತೆಯಿಂದ ಮೊದಲುಮಾಡಿ ಮುಂದಿನ ಸಾಹಿತ್ಯದಲ್ಲಿ ಅದು ಧಾರಾಳವಾಗಿ ದೊರೆಯುತ್ತದೆ. ರಾಜಸೂಯದಲ್ಲಿ ಅಭಿಷಿಕ್ತನಾಗುವ ರಾಜನಿಗೆ ವ್ಯಾಘ್ರಚರ್ಮವೇ ವಿಹಿತವಾಗಿದೆ. ಆರ್ಯರು ಪಂಚನದದಿಂದ ಪೂರ್ವದ ಒದ್ದೆ ಕಾಡುಗಳ ಕಡೆಗೆ ಬಂದ ಮೇಲೆಯೇ ಹುಲಿಯನ್ನು ಕಂಡರೆಂದು ಇದರಿಂದ ಊಹಿಸಿದ ವಿದ್ವಾಂಸರುಂಟು. ಆದರೆ ಅದಕ್ಕಿಂತಲೂ ಪುರಾತನವಾದ ಸಿಂಧೂತೀರದ ಮುದ್ರೆಗಳ ಮೇಲೆ ಹುಲಿಯು ಪಟ್ಟೆಗಳ ಸಹಿತ ಕೆತ್ತಲ್ಪಟ್ಟಿದೆ. ಆದುದರಿಂದ ಒಂದು ಗ್ರಂಥದಲ್ಲಿ ಶಬ್ದವಿಲ್ಲದ ಮಾತ್ರಕ್ಕೆ ಆ ದೇಶದಲ್ಲಿ ಪ್ರಾಣಿಯಿರಲಿಲ್ಲವೆಂದು ನಿರ್ಣಯಿಸಲಾಗದು. ಈ ಎಚ್ಚರಿಕೆಯು ಮುಂದೆಯೂ ನಮಗೆ ಬೇಕಾಗುವುದು.

ವ್ಯಾಘ್ರದ ನೆಲೆಯನ್ನು ಶಾಸ್ತ್ರರೀತಿಯಿಂದ ವಿಭಾಗಿಸಿ ಹೇಳಿದವನು ಸುಶ್ರುತನು. ಸೂತ್ರಸ್ಥಾನದ ಅನ್ನಪಾನವಿಧಿಯಲ್ಲಿ ಅವನು ಮಾಂಸವರ್ಗವನ್ನು ಜಾಂಗಲವೆಂದೂ ಆನೂಪವೆಂದೂ ಎರಡಾಗಿ ಒಡೆದು, ಜಾಂಗಲದಲ್ಲಿ ಎಂಟು, ಆನೂಪದಲ್ಲಿ ಐದು ಗಣಗಳನ್ನು ಎಣಿಸಿದ್ದಾನೆ. ಸಿಂಹ, ವ್ಯಾಘ್ರ, ತೋಳ, ತರಕ್ಷು, ಕರಡಿ, ದ್ವೀಪಿ, ಮಾರ್ಜಾರ, ನರಿ ಮೊದಲಾದವು ಗುಹಾಶಯಗಣಕ್ಕೆ ಸೇರುತ್ತವೆ. ಈ ಗಣವು ಜಾಂಗಲದೊಳಗಿನದು. ಚುಕ್ಕೆಯ ಜಿಂಕೆಯಾದ ಪೃಷತವು ಜಂಘಾಲಗಣದಲ್ಲಿದ್ದು ಅದೂ ಜಾಂಗಲವೇ. ಆನೆ, ಕಾಡೆಮ್ಮೆ, ಹಂದಿ, ರುರು, ನ್ಯಂಕು ಮೊದಲಾದವು ಕೂಲಚರಗಳು, ಎಂದರೆ ನೀರಿನ ದಡದಲ್ಲಿ ಸಂಚರಿಸುವವು, ಅವು ಆನೂಪದೊಳಗಿನವು.

ಇಲ್ಲಿ ಜಾಂಗಲವೆಂದರೆ ಈಚಿನವರು ‘ಜಂಗಲ್’ ಎನ್ನುವ ದಟ್ಟಡವಿಯಲ್ಲ. ನೀರು ಕಡಮೆಯಾಗಿ, ಗಿಡಮರಗಳು ವಿರಳವಾಗಿ, ಗಾಳಿಬಿಸಿಲುಗಳು ಹೆಚ್ಚಾಗಿರುವ ಒಣ ಬಯಲು ನಾಡಿಗೆ ಆ ಹೆಸರು. ಜವುಗು, ತೊರೆ, ದಟ್ಟವಾದ ಹಸುರು ಇವುಳ್ಳದ್ದು ಆನೂಪ. ಶಬ್ದವು ಹಿಂದಿಯ ದಾರಿಯಾಗಿ ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ಅದರ ಅರ್ಥವು ತಲೆಕೆಳಗಾಯಿತು. ಫ್ರಾನ್ಸ್ ದೇಶದ ಪಂಡಿತನಾದ ಫ್ರಾನ್ಸಿಸ್ ಜಿಮ್ಮರ್‌ಮನ್ ೧೯೮೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾನೆ.

ಹಾಗಾದರೆ ಸುಶ್ರುತನ ವಿಭಾಗದಂತೆ ಹುಲಿಯು ಒಣನೆಲಕ್ಕೂ, ಅದರ ಆಹಾರವಾದ ಹಂದಿ, ಕಾಡೆಮ್ಮೆ, ನ್ಯಂಕುಗಳು ಒದ್ದೆನೆಲಕ್ಕೂ ಸೇರಿದಂತಾಯಿತು. ತಿನ್ನುವುದು ಒಂದು ದೇಶದಲ್ಲಿ, ತಿನ್ನಲ್ಪಡುವುದು ಇನ್ನೊಂದು ದೇಶದಲ್ಲಿ ಇದ್ದರೆ ಹುಲಿಯು ಬದುಕುವುದೆಂತು? ಇದನ್ನು ಆಚಾರ್ಯನ ದೋಷವೆಂದು ಹೇಳುವುದಕ್ಕೆ ಮೊದಲು ಅವನ ಪ್ರಯೋಜನವನ್ನು ವಿಚಾರಿಸಬೇಕು. ಅವನು ಹೇಳಹೊರಟದ್ದು ಮಾಂಸದ ಗುಣವನ್ನು. ಯಾವುದು ಗುರು, ಯಾವುದು ಲಘು, ಯಾವುದು ಯಾವ ದೋಷವನ್ನು ಶಮನಗೊಳಿಸುವುದು ಎಂಬಿಷ್ಟನ್ನು. ಚರಕನು ಇದೇ ವ್ಯಾಘ್ರವನ್ನು ನೆಲೆಯಿಂದಲ್ಲ, ತಿನ್ನುವ ಕ್ರಮದಿಂದ ಗುರುತಿಸಿ, ಬಲಾತ್ಕಾರವಾಗಿ ಕಿತ್ತು ತಿನ್ನುವ ಪ್ರಸಹಗಣದಲ್ಲಿಟ್ಟಿದ್ದಾನೆ. ಒಂದೇ ಪ್ರಾಣಿಗೆ ಇಬ್ಬರು ಆಚಾರ್ಯರು ಎರಡು ಹೆಸರುಗಳನ್ನು ಕೊಟ್ಟಿರುವುದರಿಂದಲೇ ಇವು ಚಿಕಿತ್ಸೆಗೆ ಅನುಕೂಲವಾದ ವಿಭಾಗಗಳೇ ಹೊರತು ಅರಣ್ಯದ ವರ್ಣನೆಗಳಲ್ಲವೆಂದು ಸಿದ್ಧವಾಗುತ್ತದೆ.

ಇನ್ನು ‘ಗುಹಾಶಯ’ ಎಂಬ ಶಬ್ದವನ್ನೇ ನೋಡೋಣ. ಗುಹೆಯಲ್ಲಿ ಮಲಗುವುದು ಗುಹಾಶಯ. ಇಲ್ಲಿನ ಧಾತುವು ಶಯನಾರ್ಥಕ, ನಿವಾಸಾರ್ಥಕವಲ್ಲ. ಒಬ್ಬನು ಜಗಲಿಯಲ್ಲಿ ಮಲಗುತ್ತಾನೆಂದರೆ ಅವನ ಮನೆಯು ಜಗಲಿಯಷ್ಟೇ ಎಂದು ಯಾರೂ ಹೇಳರು. ಹೆಣ್ಣು ಹುಲಿಯು ಬಂಡೆಗಳ ಸಂದಿನಲ್ಲಿಯೋ, ಪೊಟರೆಯಲ್ಲಿಯೋ, ದಟ್ಟವಾದ ಮೆಳೆಯೊಳಗೋ ಮರಿಹಾಕುವುದು ನಿಜ. ಆ ಮಟ್ಟಿಗೆ ಶಬ್ದವು ಸತ್ಯವಾದದ್ದು. ಶಯನಸ್ಥಾನವನ್ನು ನಿವಾಸಸ್ಥಾನವೆಂದು ಓದಿದ ದೋಷವು ಸುಶ್ರುತನದಲ್ಲ, ನಮ್ಮದು.

೩

ಶಾಸ್ತ್ರದ ಶಬ್ದವನ್ನು ಹೀಗೆ ಸರಿಪಡಿಸಿಕೊಂಡ ಮೇಲೆ ಹುಲಿಯ ನಿಜವಾದ ನೆಲೆಯು ಯಾವುದೆಂಬುದನ್ನು ತಿಳಿಯಬೇಕು. ಇದಕ್ಕೆ ಪ್ರತ್ಯಕ್ಷವೇ ಪ್ರಮಾಣ. ಅದನ್ನು ಕಾಡಿನಲ್ಲಿ ತಿರುಗಿದವರಿಂದಲೇ ಪಡೆಯಬೇಕು. ಮನುಷ್ಯರ ಬೆರಳ ಗೆರೆಗಳಂತೆ ಹುಲಿಗಳ ಪಟ್ಟೆಗಳೂ ಒಂದರಂತೆ ಇನ್ನೊಂದಕ್ಕಿಲ್ಲ. ಈ ಆಧಾರದಿಂದ ಕಾಡಿನ ದಾರಿಗಳಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು ಹುಲಿಗಳನ್ನು ಎಣಿಸುವ ಶಾಸ್ತ್ರೀಯ ಕ್ರಮವನ್ನು ನಮ್ಮ ನಾಡಿನವರೇ ಆದ ಕೆ. ಉಲ್ಲಾಸ ಕಾರಂತರು ೧೯೯೦ರ ದಶಕದಲ್ಲಿ ನಾಗರಹೊಳೆಯಲ್ಲಿ ಬೆಳೆಸಿದರು. ಅಂಥವರ ಬರಹಗಳಿಂದ ನಾನು ಗ್ರಹಿಸಿದ ಸಾರವಿಷ್ಟು: ಮರೆ, ನೀರು, ಬೇಟೆ, ಈ ಮೂರೂ ಕೂಡಿದೆಡೆಯು ಹುಲಿಯ ನೆಲೆ. ಮೂರರಲ್ಲಿಯೂ ಬೇಟೆಯೇ ಪ್ರಧಾನ. ಒಂದು ಹುಲಿಯು ವರ್ಷಕ್ಕೆ ಸುಮಾರು ೫೦ ದೊಡ್ಡ ಮೃಗಗಳನ್ನು ತಿನ್ನುತ್ತದೆ. ಮೃಗಗಳ ಸಂಖ್ಯೆಯು ಕುಗ್ಗದೆ ಇಷ್ಟು ದೊರೆಯಬೇಕಾದರೆ ಅದರ ಎಲ್ಲೆಯೊಳಗೆ ಸುಮಾರು ೫೦೦ ಮೃಗಗಳಿರಬೇಕು.

ಈ ನಿಯಮವೊಂದನ್ನು ಬಿಟ್ಟರೆ ಹುಲಿಗೆ ಬೇರೆ ಹಟವಿಲ್ಲ. ಗಂಗೆಯ ಮುಖದ ಸುಂದರಬನದಲ್ಲಿ ಉಪ್ಪುನೀರಿನ ಕಾಂಡ್ಲ ಕಾಡಿನೊಳಗೆ ಅದು ದ್ವೀಪದಿಂದ ದ್ವೀಪಕ್ಕೆ ಈಜಿಕೊಂಡು ಬಾಳುತ್ತದೆ. ಭಾರತಕ್ಕೂ ಬಾಂಗ್ಲಾದೇಶಕ್ಕೂ ಸೇರಿದ ಆ ಪ್ರದೇಶವು ಸುಮಾರು ೧೦,೦೦೦ ಚದರ ಕಿಲೋಮೀಟರು. ಅದಕ್ಕಿಂತ ಆನೂಪವಾದ ನಾಡು ಇನ್ನಾವುದು? ಹಿಮಾಲಯದ ಬುಡದ ತರಾಯಿಯಲ್ಲಿಯೂ ಬ್ರಹ್ಮಪುತ್ರದ ದಡದ ಕಾಜಿರಂಗದಲ್ಲಿಯೂ ಅದು ಆನೆಯನ್ನೂ ಮರೆಮಾಡುವ ಹುಲ್ಲಿನಲ್ಲಿರುತ್ತದೆ. ರಾಜಸ್ಥಾನದ ರಣಥಂಬೋರಿನಲ್ಲಿ ಬೇಸಗೆಗೆ ಎಲೆಯುದುರಿ ಬೋಳಾಗುವ ಒಣಕಾಡಿನಲ್ಲಿರುತ್ತದೆ. ರಷ್ಯಾ ದೇಶದ ಪೂರ್ವದಂಚಿನ ಸಿಖೋತೆ ಅಲಿನ್ ಬೆಟ್ಟಗಳಲ್ಲಿ ಹಿಮದ ಮೇಲೆ ನಡೆಯುತ್ತದೆ. ಸುಮಾತ್ರದಲ್ಲಿ ನಿತ್ಯವೂ ಮಳೆ ತೊಟ್ಟಿಕ್ಕುವ ಕಾಡಿನಲ್ಲಿ ನಡೆಯುತ್ತದೆ. ಭೂತಾನದಲ್ಲಿ ೪,೦೦೦ ಮೀಟರಿಗೂ ಮೇಲಿನ ಎತ್ತರದಲ್ಲಿ ಅದರ ಚಿತ್ರವು ದೊರೆತಿದೆ. ಕ್ಯಾಸ್ಪಿಯನ್ ಕಡಲಿನ ಆಚೀಚೆಗೂ ಅಮು ದರಿಯಾ ನದಿಯ ಬದಿಗೂ ಇದ್ದ ಹುಲಿಗಳು ನದೀತೀರದ ಜೊಂಡಿನಲ್ಲಿ ವಾಸಿಸುತ್ತಿದ್ದವು. ಆ ಜೊಂಡನ್ನು ಕಡಿದು ಹೊಲಮಾಡಿ, ಹಂದಿಗಳನ್ನು ಕೊಂದು, ಹುಲಿಗಳನ್ನೂ ಬೇಟೆಯಾಡಿದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ಅವು ನಿರ್ವಂಶವಾದವು. ಬಲಿ ಮತ್ತು ಜಾವಾ ದ್ವೀಪಗಳ ಹುಲಿಗಳಿಗೂ ಅದೇ ಗತಿಯಾಯಿತು.

ನೆಲೆಯ ವಿಸ್ತಾರವೂ ಬೇಟೆಯನ್ನೇ ಅನುಸರಿಸುವುದು. ನಾಗರಹೊಳೆಯಂಥ ಸಮೃದ್ಧವಾದ ಕಾಡಿನಲ್ಲಿ ಹೆಣ್ಣು ಹುಲಿಯೊಂದಕ್ಕೆ ೧೫-೨೦ ಚದರ ಕಿಲೋಮೀಟರು ಸಾಕು. ಮೃಗಗಳು ವಿರಳವಾದ ಸಿಖೋತೆ ಅಲಿನ್ನಿನಲ್ಲಿ ಅದಕ್ಕೆ ಸುಮಾರು ೪೦೦ ಚದರ ಕಿಲೋಮೀಟರು ಬೇಕು. ನಮ್ಮ ಸಹ್ಯಾದ್ರಿಯ ನಿತ್ಯಹರಿದ್ವರ್ಣದ ಕಾಡು ನೋಡುವುದಕ್ಕೆ ಎಷ್ಟು ಘೋರವಾಗಿದ್ದರೂ ನೆಲದ ಮೇಲೆ ಮೇವು ಕಡಮೆಯಾದುದರಿಂದ ಅಲ್ಲಿ ಜಿಂಕೆಗಳೂ ಕಡಮೆ, ಹುಲಿಗಳೂ ಕಡಮೆ. ಎಲೆಯುದುರುವ ಕಾಡು, ಬಿದಿರು ಮೆಳೆ, ನಡುನಡುವೆ ತಗ್ಗಿನಲ್ಲಿ ಜವುಗು ಹುಲ್ಲುನೆಲವಾದ ಹಡ್ಲು, ಇವು ಕೂಡಿದ ನಾಗರಹೊಳೆ ಬಂಡೀಪುರಗಳಲ್ಲಿಯೇ ಅವು ಹೆಚ್ಚು. ವಿದ್ಯಾರ್ಥಿಯು ಹೇಳಿದ ಮಾತು ಇದೇ. ಹಡ್ಲಿನಲ್ಲಿ ನೀರಿದೆ, ಹುಲ್ಲಿದೆ. ಹುಲ್ಲಿಗೆ ಜಿಂಕೆ, ಕಡವೆ, ಕಾಟಿ ಬರುತ್ತವೆ. ಅವಕ್ಕಾಗಿ ಹುಲಿಯೂ ಬರುತ್ತದೆ. ಜಾಂಗಲವೂ ಆನೂಪವೂ ಒಂದರೊಳಗೊಂದು ಹೆಣೆದುಕೊಂಡ ಆ ಸಂಧಿಸ್ಥಾನವೇ ಹುಲಿಯ ಮನೆ.

೪

ಈಗ ಕವಿಯ ಕಡೆಗೆ ತಿರುಗೋಣ. ಮೃಗಯಾಪ್ರಕರಣದ ಪದ್ಯದಲ್ಲಿ ಕಾಳಿದಾಸನು ಹುಲಿಗಳನ್ನು ಗುಹೆಗಳಿಂದ ಹೊರಡಿಸಿದ್ದಾನೆಂಬುದು ದಿಟ. ಆದರೆ ಅದೇ ಪದ್ಯದಲ್ಲಿ ಅವುಗಳಿಗೆ ಕೊಟ್ಟ ಉಪಮಾನವನ್ನು ನಾವು ಗಮನಿಸುವುದಿಲ್ಲ. ನೆಗೆದು ಬರುವ ಹುಲಿಗಳು ಗಾಳಿಗೆ ಮುರಿದುಬಿದ್ದ, ಹೂತ ಅಸನವೃಕ್ಷದ ಕೊಂಬೆಗಳಂತಿದ್ದವೆಂದು ಅವನ ಕಲ್ಪನೆ. ಅಸನವೆಂದರೆ ನಮ್ಮ ವೈದ್ಯರು ಗುರುತಿಸುವ ಹೊನ್ನೆ. ಎಲೆಯುದುರುವ ಕಾಡಿನ ಮರ. ಅದರ ಹೂವು ಹೊಂಬಣ್ಣದ್ದು. ಕಪ್ಪು ರೆಂಬೆಗಳ ನಡುವೆ ಹಳದಿಯ ಹೂಗೊಂಚಲು ಗಾಳಿಯಲ್ಲಿ ಒಮ್ಮೆಲೆ ಮುಂದಕ್ಕೆ ಬಿದ್ದಂತೆ ಎಂದಾಗ ಪಟ್ಟೆಯೂ ಬಣ್ಣವೂ ವೇಗವೂ ಮೂರೂ ಬಂದವು. ಗುಹೆಯೆಂಬುದು ಕವಿಯು ಓದಿನಿಂದ ಪಡೆದದ್ದಾಗಿರಬಹುದು. ಈ ಕೊಂಬೆಯು ಓದಿನಿಂದ ಬರುವಂಥದಲ್ಲ. ಹುಲಿಯ ಮೈಬಣ್ಣವು ಬೋಳುಬಂಡೆಯ ಮೇಲೆ ಎದ್ದು ತೋರುವುದು. ಬಿಸಿಲು ನೆರಳು ಬೆರೆತ ಒಣಹುಲ್ಲಿನಲ್ಲಿಯೂ ಪೊದೆಯಲ್ಲಿಯೂ ಅಡಗಿಹೋಗುವುದು. ಹೀಗೆ ಪದ್ಯದ ವಾಚ್ಯವು ಗುಹೆಯನ್ನು ಹೇಳಿದರೂ ಅದರ ಅಲಂಕಾರವು ವನವನ್ನು ಹೇಳುತ್ತಿದೆ.

ಇದಕ್ಕಿಂತ ಬಲವಾದ ಸಾಕ್ಷ್ಯವು ಹದಿನಾರನೆಯ ಸರ್ಗದಲ್ಲಿದೆ. ರಾಮನ ತರುವಾಯ ಹಾಳುಬಿದ್ದ ಅಯೋಧ್ಯೆಯ ಅಧಿದೇವತೆಯು ನಡುರಾತ್ರಿಯಲ್ಲಿ ಕುಶನ ಮುಂದೆ ನಿಂತು ತನ್ನ ದುಃಸ್ಥಿತಿಯನ್ನು ಹೇಳಿಕೊಳ್ಳುತ್ತಾಳೆ. ಹಿಂದೆ ಸ್ತ್ರೀಯರು ಅಲತಿಗೆಯ ಹಸಿ ಬಣ್ಣದ ಪಾದಗಳನ್ನಿಟ್ಟ ಮೆಟ್ಟಿಲುಗಳ ಮೇಲೆ ಈಗ, ಆಗತಾನೆ ನ್ಯಂಕುಮೃಗಗಳನ್ನು ಕೊಂದ ಹುಲಿಗಳು ನೆತ್ತರು ಮೆತ್ತಿದ ಹೆಜ್ಜೆಗಳನ್ನು ಇಡುತ್ತಿವೆಯೆಂಬುದು ಅವಳ ಅಳಲುಗಳಲ್ಲಿ ಒಂದು. ಕೆಂಪಿಗೆ ಕೆಂಪು ಸಾಟಿಯಾದ ಅಲಂಕಾರವನ್ನು ಎಲ್ಲರೂ ಮೆಚ್ಚುತ್ತಾರೆ. ನಾನೂ ಮೆಚ್ಚಿ ಪಾಠ ಹೇಳಿದ್ದೇನೆ. ಆದರೆ ಕವಿಯು ಇಲ್ಲಿ ಯಾವ ಮೃಗವನ್ನು ಕೊಲ್ಲಿಸಿದನೆಂದು ಕೇಳಿದವರು ವಿರಳ. ನ್ಯಂಕುವು ಸುಶ್ರುತನ ಪ್ರಕಾರ ಕೂಲಚರ, ನೀರಿನ ದಡದ ಪ್ರಾಣಿ. ಊರು ಹಾಳಾಯಿತು, ಕೊಳಗಳಲ್ಲಿ ನೀರು ಉಳಿಯಿತು, ಅಂಗಳದಲ್ಲಿ ಹುಲ್ಲು ಬೆಳೆಯಿತು, ಹುಲ್ಲಿಗೂ ನೀರಿಗೂ ನ್ಯಂಕು ಬಂದಿತು, ನ್ಯಂಕುವಿಗಾಗಿ ಹುಲಿ ಬಂದಿತು. ಇಲ್ಲಿ ಬೆಟ್ಟವಿಲ್ಲ, ಗುಹೆಯಿಲ್ಲ. ವೈದ್ಯನು ಎರಡು ಬೇರೆ ಬೇರೆ ಗಣಗಳಲ್ಲಿಟ್ಟ ಎರಡು ಪ್ರಾಣಿಗಳನ್ನು ಕವಿಯು ಒಂದು ಮೆಟ್ಟಿಲಿನ ಮೇಲೆ ಕೂಡಿಸಿ, ಅವುಗಳ ನಿಜವಾದ ಸಂಬಂಧವನ್ನು ಕಾಣಿಸಿದ್ದಾನೆ.

‘ಇದು ಕೇವಲ ಭಯಾನಕರಸಕ್ಕಾಗಿ ಮಾಡಿದ ಕಲ್ಪನೆ, ಇದಕ್ಕೆ ಪ್ರಕೃತಿವಿಚಾರವೇಕೆ?’ ಎಂದು ಪೂರ್ವಪಕ್ಷವು ಬರಬಹುದು. ಸಮಾಧಾನವೇನೆಂದರೆ, ರಣಥಂಬೋರಿನ ಪುರಾತನ ಕೋಟೆಯ ಸುತ್ತಿನ ಹಾಳು ಮಂಟಪಗಳಲ್ಲಿಯೂ ಕೆರೆಗಳ ಸೋಪಾನಗಳಲ್ಲಿಯೂ ಹುಲಿಗಳು ಮಲಗಿರುವುದನ್ನು ಇಂದಿಗೂ ಜನರು ಕಣ್ಣಾರೆ ನೋಡಿ ಚಿತ್ರಗಳನ್ನು ತೆಗೆಯುತ್ತಿದ್ದಾರೆ. ಕವಿಯ ಕಲ್ಪನೆಯು ಭೂತಾರ್ಥವನ್ನು ಮೀರಲಿಲ್ಲ. ರಸವು ಇಲ್ಲಿ ಹುಟ್ಟುವುದು ಹೆಜ್ಜೆಯು ಅಲ್ಲಿ ನಿಜವಾಗಿಯೂ ಬೀಳಬಲ್ಲುದಾದ್ದರಿಂದಲೇ. ಆದುದರಿಂದ ಒಂಬತ್ತನೆಯ ಸರ್ಗದ ಗುಹೆಯನ್ನು ಹಿಡಿದು ಹದಿನಾರನೆಯ ಸರ್ಗದ ಸೋಪಾನವನ್ನು ಮರೆಯುವುದು ಕಾಳಿದಾಸನಿಗೆ ಮಾಡುವ ಅನ್ಯಾಯ.

೫

ಕನ್ನಡದಲ್ಲಿ ಈ ವಿಷಯವು ಹೇಗಿದೆ? ತಮಿಳಿನ ಪ್ರಾಚೀನ ಕಾವ್ಯಪದ್ಧತಿಯಲ್ಲಿ ಹುಲಿಯು ಕುರಿಂಜಿಗೆ, ಎಂದರೆ ಬೆಟ್ಟನಾಡಿಗೆ ಸೇರಿದ್ದೆಂಬ ವ್ಯವಸ್ಥೆಯುಂಟು. ಕನ್ನಡದ ಮಾರ್ಗಕವಿಗಳು ಸಂಸ್ಕೃತದ ಪರಿಪಾಟಿಯನ್ನು ಹಿಡಿದವರಾದುದರಿಂದ ಅವರಲ್ಲಿ ಹೊಸ ಸಾಕ್ಷ್ಯವನ್ನು ಹುಡುಕುವುದಕ್ಕಿಂತ ಜನರ ಬಾಯಲ್ಲಿ ಉಳಿದ ಗೋವಿನ ಹಾಡನ್ನು ನೋಡುವುದು ಲೇಸು. ಕನ್ನಡಿಗರಲ್ಲಿ ಆ ಹಾಡನ್ನು ಕೇಳದೆ ಬೆಳೆದ ಮಗುವು ಅಪರೂಪ. ಪುಣ್ಯಕೋಟಿಯ ಸತ್ಯವನ್ನು ಕುರಿತು ಎಷ್ಟೋ ಬರೆದಿದ್ದಾರೆ. ಅರ್ಬುತನೆಂಬ ಹುಲಿಯು ಎಲ್ಲಿದ್ದನೆಂಬುದನ್ನು ಕುರಿತು ಬರೆದವರನ್ನು ನಾನರಿಯೆ.

ಹಾಡಿನ ಕವಿಯು ಅವನ ನೆಲೆಯನ್ನು ಹೇಳಿದ್ದಾನೆ. ಹಬ್ಬಿ ಹರಡಿದ ಮಲೆಯ ನಡುವೆ, ಬೆಟ್ಟದ ಬುಡದ ‘ಕಿಬ್ಬಿ’ಯಲ್ಲಿಟ್ಟನು. ಕಿಬ್ಬಿಯೆಂದರೆ ಬೆಟ್ಟದ ಕೆಳಮಗ್ಗುಲಿನ ಇಳುಕಲು, ತಪ್ಪಲು. ಮೇಲಿಂದ ಇಳಿದ ನೀರು ಅಲ್ಲಿ ನಿಲ್ಲುತ್ತದೆ, ಮಣ್ಣು ಸೇರುತ್ತದೆ, ಮೇವು ಬೆಳೆಯುತ್ತದೆ, ಮರೆಯೂ ಉಂಟು. ಗೊಲ್ಲನ ಹಸುಗಳು ಮೇಯುತ್ತ ಅಲ್ಲಿಗೇ ಹೋದದ್ದು ಸಹಜ. ಹಾಡಿನ ಹುಲಿಯು ಹಸಿದಿತ್ತೆಂಬುದೂ ವಿಚಾರಕ್ಕೆ ಯೋಗ್ಯ. ಕಾಡಿನ ಮೃಗಗಳು ಸಾಕಷ್ಟಿದ್ದೆಡೆ ಹುಲಿಯು ದನದ ಕಡೆಗೆ ಬರುವುದು ಕಡಮೆ. ದನಗಳು ಕಾಡಿನ ಮೇವನ್ನು ಮೇದುಬಿಟ್ಟಲ್ಲಿ, ಅಥವಾ ಬೇಟೆಗಾರರು ಜಿಂಕೆಗಳನ್ನು ತೀರಿಸಿಬಿಟ್ಟಲ್ಲಿ, ಹಸಿದ ಹುಲಿಗೂ ಹಸುವಿಗೂ ಭೇಟಿಯಾಗುವುದು. ಹಾಡನ್ನು ಕಟ್ಟಿದವನು ಯಾವ ಶಾಸ್ತ್ರವನ್ನೋದಿದ್ದನೋ, ಆದರೆ ಕಾಡಂಚಿನ ದನಗಾಹಿಗಳ ಅನುಭವವು ಅವನ ಬೆನ್ನಿಗಿತ್ತು. ಪುಸ್ತಕಗಳಲ್ಲಿ ಈ ಹಾಡಿಗೆ ಚಿತ್ರ ಬರೆಯುವವರು ಮಾತ್ರ ಪದೇ ಪದೇ ಕರಿಯ ಗುಹೆಯೊಂದನ್ನು ಬರೆದು ಅದರ ಬಾಯಲ್ಲಿ ಹುಲಿಯನ್ನು ನಿಲ್ಲಿಸುತ್ತಾರೆ. ಕಿಬ್ಬಿಯನ್ನು ಬಿಟ್ಟು ಗುಹೆಯನ್ನೇ ಬರೆಯುವುದನ್ನು ನಮ್ಮ ಪಾಠವೇ ಅವರಿಗೆ ಕಲಿಸಿತು.

ರೂಢಿಯು ಕಣ್ಣನ್ನು ಹೇಗೆ ಮುಚ್ಚುವುದೆಂಬುದಕ್ಕೆ ಹೊಯ್ಸಳ ಲಾಂಛನವು ಇನ್ನೊಂದು ನಿದರ್ಶನ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಇಂದಿನ ಗ್ರಾಮವೇ ಶಾಸನಗಳ ಸೊಸೆವೂರು. ಅಲ್ಲಿ ವಾಸಂತಿಕಾದೇವಿಯ ಸನ್ನಿಧಿಯಲ್ಲಿ ಮುನಿಯ ಆಜ್ಞೆಯಂತೆ ಸಳನು ಹುಲಿಯನ್ನು ಹೊಯ್ದನೆಂಬುದು ಐತಿಹ್ಯ. ಕಥೆಯು ಚರಿತ್ರೆಯಲ್ಲವೆಂದು ಇತಿಹಾಸಜ್ಞರು ಹೇಳಿದರೂ, ಹುಲಿಯಿರುವ ಮಲೆನಾಡಿನಲ್ಲಿ ಹುಟ್ಟಿದ ಕಥೆಯೆಂಬುದರಲ್ಲಿ ಸಂಶಯವಿಲ್ಲ. ಅದೇ ಚಿಕ್ಕಮಗಳೂರು ಜಿಲ್ಲೆಯ ಭದ್ರಾ ಅರಣ್ಯದಲ್ಲಿ ಇಂದಿಗೂ ಹುಲಿಗಳಿವೆ. ಶಾಸನದ ಕವಿಗಳು ಪುಲಿಯೆಂದೂ ಶಾರ್ದೂಲವೆಂದೂ ಬರೆದರು. ಆದರೆ ಬೇಲೂರಿನ ಶಿಲ್ಪಿಯ ಉಳಿಯಿಂದ ಬಂದದ್ದು ಗುಂಗುರು ಕೇಸರಗಳ ಸಿಂಹಾಕೃತಿ. ನರ್ಮದೆಯ ದಕ್ಷಿಣದಲ್ಲಿ ಸಿಂಹವು ವಾಸಿಸಿದ್ದುದಕ್ಕೆ ದೃಢವಾದ ಆಧಾರವಿಲ್ಲ. ಶಿಲ್ಪಿಯು ಕಾಡಿನ ಪ್ರಾಣಿಯನ್ನು ಬಿಟ್ಟು ಶಾಸ್ತ್ರದ ಪ್ರಾಣಿಯನ್ನು ಕೆತ್ತಿದನು. ಶಿಲ್ಪವು ಅದರಿಂದ ಕೆಡಲಿಲ್ಲ. ಆದರೆ ಅದನ್ನು ನೋಡಿ ಹುಲಿಯನ್ನು ತಿಳಿಯಲಾಗದು.

ಪುಲಿಗೆರೆಯ ಮಾತನ್ನೂ ಇಲ್ಲಿ ಹೇಳಬೇಕು. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡಿಗೆ ಹೇಳಿದ ನಾಲ್ಕು ಎಲ್ಲೆಗಳಲ್ಲಿ ಅದೊಂದು, ಕ್ರಿ. ಶ. ೯೪೧ರ ಪಂಪನು ತನ್ನ ನುಡಿಯು ಅಲ್ಲಿನ ತಿರುಳ್ಗನ್ನಡವೆಂದು ಹೆಮ್ಮೆಪಟ್ಟನು. ಅದೇ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಹೆಸರನ್ನು ಹುಲಿಯ ಕೆರೆಯೆಂದು ಬಿಡಿಸುವ ರೂಢಿಯುಂಟು. ಪುರಿಗೆರೆಯೆಂಬ ರೂಪವೂ ಶಾಸನಗಳಲ್ಲಿರುವುದರಿಂದ ಹೆಸರೊಂದನ್ನೇ ಪ್ರಮಾಣವಾಗಿ ಹಿಡಿಯಲಾಗದು. ಆದರೆ ‘ಬಯಲುಸೀಮೆಯಲ್ಲಿ ಹುಲಿಯೆಲ್ಲಿಂದ ಬಂತು? ಅಲ್ಲಿ ಬೆಟ್ಟಗುಹೆಗಳಿಲ್ಲ’ ಎಂಬ ಆಕ್ಷೇಪವು ಮಾತ್ರ ನಿಲ್ಲದು. ಕುರುಚಲು, ಹುಲ್ಲೆಗಳ ಹಿಂಡು, ನೀರಿನ ಕೆರೆ ಇದ್ದರೆ ಒಣ ಬಯಲೂ ಹುಲಿಗೆ ನೆಲೆಯಾಗಬಲ್ಲುದೆಂಬುದನ್ನು ರಣಥಂಬೋರು ತೋರಿಸಿದೆ. ಗುಹಾಶಯವೆಂಬ ತಪ್ಪು ತಿಳಿವಳಿಕೆಯು ನಮ್ಮ ಸ್ಥಳನಾಮವಿಚಾರವನ್ನೂ ಹೀಗೆ ದಾರಿತಪ್ಪಿಸುವುದು.

೬

ಕಡೆಯದಾಗಿ, ಈ ಕಾಲದಲ್ಲಿ ಸಭೆಗಳಲ್ಲಿಯೂ ಫಲಕಗಳ ಮೇಲೂ ಬಹಳವಾಗಿ ಕೇಳಿಬರುವ ಉದ್ಯೋಗಪರ್ವದ ಮಾತು. ವನವೂ ವ್ಯಾಘ್ರವೂ ಒಂದನ್ನೊಂದು ಕಾಯುತ್ತವೆ, ಒಂದನ್ನು ಕಳೆದರೆ ಇನ್ನೊಂದು ಉಳಿಯದು ಎಂಬುದು ಅದರ ತಾತ್ಪರ್ಯ. ಅರಣ್ಯರಕ್ಷಣೆಗೆ ಇದು ಪ್ರಾಚೀನರ ಉಪದೇಶವೆಂದು ಎತ್ತಿ ಹೇಳುವವರು ಇದರ ಸಂದರ್ಭವನ್ನು ಹೇಳುವುದಿಲ್ಲ. ಈ ಭಾವವು ಆ ಪರ್ವದಲ್ಲಿ ಒಂದು ಕಡೆ ಕೃಷ್ಣನು ಸಂಜಯನಿಗೆ ಹೇಳುವ ಮಾತಿನಲ್ಲಿಯೂ ಇನ್ನೊಂದು ಕಡೆ ವಿದುರನು ಧೃತರಾಷ್ಟ್ರನಿಗೆ ಹೇಳುವ ನೀತಿಯಲ್ಲಿಯೂ ಬರುತ್ತದೆ. ಅಲ್ಲಿ ವನವೆಂದರೆ ಪುತ್ರಸಹಿತನಾದ ಧೃತರಾಷ್ಟ್ರನು; ವ್ಯಾಘ್ರಗಳೆಂದರೆ ಪಾಂಡವರು. ವಿದುರನು ಅದೇ ಪ್ರಕರಣದಲ್ಲಿ ಹುಲಿಯ ಸ್ಥಾನದಲ್ಲಿ ಸಿಂಹವನ್ನೂ ಇಟ್ಟು ಹೇಳಿದ್ದಾನೆ. ಆದುದರಿಂದ ಇದು ರಾಜನೀತಿಯ ರೂಪಕ, ಪ್ರಾಣಿಶಾಸ್ತ್ರದ ಸೂತ್ರವಲ್ಲ. ಇದಲ್ಲದೆ, ವ್ಯಾಘ್ರವೆಂದು ಕರೆಯಲ್ಪಟ್ಟ ಪಾಂಡವರಲ್ಲಿಯೇ ಒಬ್ಬನಾದ ಅರ್ಜುನನು ಕೃಷ್ಣನೊಡನೆ ನಿಂತು ಖಾಂಡವವನವನ್ನು ಅಗ್ನಿಗೆ ಉಣಿಸಿದ ಕಥೆಯನ್ನು ಅದೇ ಮಹಾಭಾರತದ ಆದಿಪರ್ವವು ಹೇಳುತ್ತದೆ. ಪ್ರಾಚೀನರೆಲ್ಲರೂ ಅರಣ್ಯಪಾಲಕರಾಗಿದ್ದರೆಂದು ಸಾಧಿಸಲು ಹೊರಟವರು ಈ ಎರಡು ಪರ್ವಗಳನ್ನೂ ಒಟ್ಟಿಗೆ ಓದಬೇಕು.

ಆದರೂ ರೂಪಕವು ವ್ಯರ್ಥವಲ್ಲ. ಉಪಮಾನವು ಲೋಕದಲ್ಲಿ ಪ್ರಸಿದ್ಧವಾಗಿಲ್ಲದಿದ್ದರೆ ಉಪಮೇಯವನ್ನು ಬೆಳಗಲಾರದು. ಹುಲಿಯ ಭಯದಿಂದ ಕೊಡಲಿಯವರು ಕಾಡನ್ನು ಹೊಗರು, ಕಾಡಿನ ಮರೆಯಿಲ್ಲದೆ ಹುಲಿಯು ಬೇಟೆಗಾರನಿಗೆ ಸಿಕ್ಕಿಬೀಳುವುದು ಎಂಬುದು ಅಂದು ಎಲ್ಲರೂ ಕಂಡ ವಿಷಯವಾಗಿದ್ದಿತು. ಇಂದು ಭಯದ ಸ್ಥಾನದಲ್ಲಿ ಶಾಸನವು ನಿಂತಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ೧೯೭೩ರಲ್ಲಿ ಬಂಡೀಪುರವೂ ಸೇರಿ ಒಂಬತ್ತು ಕಾ­ಡುಗಳಲ್ಲಿ ಆರಂಭವಾದ ಹುಲಿ ಯೋಜನೆ, ಇವುಗಳ ಫಲವಾಗಿ ಎಷ್ಟೋ ಕಾಡು ಹುಲಿಯ ಹೆಸರಿನಿಂದ ಉಳಿಯಿತು. ೨೦೦೬ರ ಗಣತಿಯಲ್ಲಿ ದೇಶದಲ್ಲಿ ೧,೪೧೧ ಎಂದು ಅಂದಾಜಾಗಿದ್ದ ಹುಲಿಗಳು ೨೦೨೨ರ ಗಣತಿಯಲ್ಲಿ ೩,೬೮೨ ಎಂದು ಅಂದಾಜಾದವು. ಕರ್ನಾಟಕದ ಪಾಲು ೫೬೩. ವನವನ್ನು ವ್ಯಾಘ್ರವು ಕಾಯುತ್ತದೆಂಬುದು ವಿದುರನು ನೆನೆಯದ ರೀತಿಯಲ್ಲಿ ನಿಜವಾಯಿತು.

ಇಲ್ಲಿ ಇನ್ನೊಂದು ಪ್ರಶ್ನೆಯುಂಟು. ಕಾಡಿನಲ್ಲಿ ಮನುಷ್ಯರೂ ಇದ್ದಾರೆ. ಅವರನ್ನು ಹೊರಗಿಡುವುದಕ್ಕೆ ಈ ಮಾತನ್ನು ಪ್ರಮಾಣವಾಗಿ ತರುವವರುಂಟು. ಭದ್ರಾ ಅರಣ್ಯದೊಳಗಿನ ಹಳ್ಳಿಯವರು ಹೊರಗೆ ಭೂಮಿ ಪಡೆದು ನೆಲೆಸಿದರು. ಬಿಳಿಗಿರಿರಂಗನ ಬೆಟ್ಟವು ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಅರಣ್ಯದ ಸಾಮುದಾಯಿಕ ಹಕ್ಕುಗಳೂ ಮಾನ್ಯವಾದವು. ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುವ ಆ ಜನರ ಕಾಡಿನಲ್ಲಿ ಹುಲಿಗಳು ಇಂದಿಗೂ ಇವೆ. ಎರಡರಲ್ಲಿ ಯಾವುದು ಎಲ್ಲಿ ಯುಕ್ತವೆಂಬುದನ್ನು ಆಯಾ ಸ್ಥಳದ ಜನರೊಡನೆ ಕುಳಿತು ತಿಳಿದವರು ನಿರ್ಣಯಿಸಲಿ. ಸಾಹಿತ್ಯವಿಮರ್ಶಕನಾಗಿ ನಾನು ಹೇಳಬಲ್ಲುದಿಷ್ಟೇ: ವಿದುರನ ಮಾತಿನಲ್ಲಿ ವನವೆಂದರೆ ಮನುಷ್ಯರೇ, ಜ್ಞಾತಿಗಳು ಒಂದೇ ನೆಲದಲ್ಲಿ ಕೂಡಿ ಬಾಳಲೆಂಬುದೇ ಅದರ ಅಭಿಪ್ರಾಯ. ಯಾರನ್ನಾದರೂ ಹೊರದೂಡುವುದಕ್ಕೆ ಆ ಮಾತನ್ನು ಸಾಕ್ಷಿಗೆ ಕರೆಯುವುದು ಸಂದರ್ಭಕ್ಕೆ ಸಲ್ಲದು.

೭

ಇದುವರೆಗಿನ ವಿಚಾರದಿಂದ ಸಿದ್ಧವಾದ ಅಂಶಗಳಿವು. ಗುಹಾಶಯಶಬ್ದವು ಶಯನಸ್ಥಾನವನ್ನು ಮಾತ್ರ ಹೇಳುತ್ತದೆ; ಅದರಿಂದ ನಿವಾಸವನ್ನು ಗ್ರಹಿಸಬಾರದು. ಸುಶ್ರುತನ ಜಾಂಗಲಾನೂಪವಿಭಾಗವು ಮಾಂಸಗುಣಪರವಾದದ್ದು. ಹುಲಿಯ ನೆಲೆಯು ಎರಡನ್ನೂ ವ್ಯಾಪಿಸಿದ್ದು. ಕಾಳಿದಾಸನು ಒಂದೆಡೆ ಗುಹೆಯನ್ನು ಹೇಳಿದರೂ ಹೊನ್ನೆಯ ಉಪಮೆಯಿಂದಲೂ ಹಾಳೂರಿನ ಮೆಟ್ಟಿಲಿನಿಂದಲೂ ವನವನ್ನೇ ಕಾಣಿಸಿದ್ದಾನೆ. ಕನ್ನಡದ ಹಾಡು ಕಿಬ್ಬಿಯೆಂಬ ಒಂದೇ ಶಬ್ದದಿಂದ ಅದನ್ನು ಸರಿಯಾಗಿ ಹೇಳಿದೆ. ತಪ್ಪಿದವರು ಅರ್ಥ ಹೇಳುವ ನಾವು.

‘ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಚರ್ಚೆಯೇಕೆ?’ ಎಂದು ವಾಚಕರು ಕೇಳಬಹುದು. ಹುಲಿಯ ಮನೆಯು ಗುಹೆಯಾಗಿದ್ದರೆ, ಒಂದು ಗುಡ್ಡವನ್ನು ಅದಕ್ಕೆ ಬಿಟ್ಟುಕೊಟ್ಟು ಉಳಿದ ನೆಲವನ್ನು ನಾವು ಬೇಕಾದಂತೆ ಬಳಸಬಹುದು, ಯಾರಿಗೂ ಅನ್ಯಾಯವಾಗದು. ಅದರ ಮನೆಯು ಹಡ್ಲು, ತೊರೆ, ಮೆಳೆ, ಜಿಂಕೆಯ ಹಿಂಡು, ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗುವ ಹಾದಿ ಇವೆಲ್ಲವೂ ಕೂಡಿದ್ದಾದರೆ, ಹಡ್ಲನ್ನು ಬತ್ತಿಸುವವನೂ ಹಾದಿಯನ್ನು ಕಡಿಯುವವನೂ ಹುಲಿಯ ಮನೆಯನ್ನೇ ಮುರಿದಂತಾಯಿತು. ಬಂಡೀಪುರದ ಕಾಡಿನ ನಡುವಿನ ಹೆದ್ದಾರಿಯಲ್ಲಿ ೨೦೦೯ರಲ್ಲಿ ರಾತ್ರಿಯ ಸಂಚಾರವನ್ನು ನಿಷೇಧಿಸಿದಾಗ, ‘ಹುಲಿಯು ಬೆಟ್ಟದಲ್ಲಿರುವುದು, ರಸ್ತೆಯಲ್ಲಿ ಅದಕ್ಕೇನು ಕೆಲಸ?’ ಎಂದು ಕೇಳಿದ ವಿದ್ಯಾವಂತರನ್ನು ನಾನು ಬಲ್ಲೆ. ಆ ಪ್ರಶ್ನೆಯು ನಮ್ಮ ಪಾಠಗಳಿಂದಲೇ ಹುಟ್ಟಿತೆಂದು ತಿಳಿದಾಗ ನಾಚಿಕೆಯಾಗುತ್ತದೆ.

ಆದಕಾರಣ ನಿಘಂಟುಗಳನ್ನು ಪರಿಷ್ಕರಿಸುವವರೂ ಪಠ್ಯಗಳಿಗೆ ಟಿಪ್ಪಣಿ ಬರೆಯುವವರೂ ಗುಹಾಶಯಪದಕ್ಕೆ ‘ಗುಹೆ ಮೊದಲಾದ ಮರೆಗಳಲ್ಲಿ ಮಲಗುವುದು’ ಎಂದೇ ಅರ್ಥ ಬರೆಯಬೇಕೆಂದೂ, ಗೋವಿನ ಹಾಡಿಗೆ ಚಿತ್ರ ಬರೆಯಿಸುವವರು ಕಿಬ್ಬಿಯನ್ನು ಕಿಬ್ಬಿಯಾಗಿಯೇ ಬರೆಯಿಸಬೇಕೆಂದೂ ವಿಜ್ಞಾಪಿಸುತ್ತೇನೆ. ನಾನಂತೂ ರಘುವಂಶದ ಆ ಪದ್ಯಕ್ಕೆ ಬಂದಾಗ ಈಗ ಹದಿನಾರನೆಯ ಸರ್ಗದ ಪದ್ಯವನ್ನೂ ಜೊತೆಗೆ ಓದಿಸಿ, ಅಂದು ನಾನು ಕೂರಿಸಿದ ಆ ವಿದ್ಯಾರ್ಥಿಯ ಮಾತನ್ನೂ ಪಾಠದಲ್ಲಿ ಸೇರಿಸಿ ಹೇಳುತ್ತಿದ್ದೇನೆ. ಈ ನಿರ್ಣಯದಲ್ಲಿ ದೋಷಗಳಿದ್ದರೆ ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥನೆ.